ಸಿಂಗಾರದ ಕೂಲಿ: ಲೆಕ್ಕಕ್ಕೆ ಸಿಗದ ಎರಡನೇ ದುಡಿಮೆಯ ಚರಿತ್ರೆ

ಯುಗಾದಿ ಕಳೆದ ಮೇಲಿನ ಮದುವೆ ಸೀಸನ್ನು. ನೆಂಟರ ಮದುವೆಗೆಂದು ತಿಪಟೂರು ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ರಾತ್ರಿ ಉಳಿದಿದ್ದೆವು. ಬೆಳಗಿನ ಜಾವ ನಾಲ್ಕೂವರೆಗೆ ಕಾಫಿ ಹುಡುಕಿಕೊಂಡು ಎದ್ದರೆ ಹೆಣ್ಣಿನ ಕಡೆಯವರ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಯಲ್ಲೊಂದು ಕಪ್ಪು ಪೆಟ್ಟಿಗೆ ಹಿಡಿದು ಒಳಗೆ ಹೊರಟಿದ್ದವರನ್ನು ನೋಡಿದೊಡನೆ ಗುರುತು ಸಿಕ್ಕಿತು. ಹಿಂದೊಮ್ಮೆ ಮಕ್ಕಳ ಪೌಷ್ಟಿಕ ಆಹಾರದ ಸುದ್ದಿಗೆಂದು ಅವರ ಅಂಗನವಾಡಿಗೇ ಹೋಗಿದ್ದೆವು.

"ಏನ್ ಟೀಚರ್, ನೀವಿಲ್ಲಿ?"

"ಹೆಣ್ಣಿಗೆ ಮೇಕಪ್ಪು ನಂದೇ ಸಾರ್. ಏಳಕ್ಕೆ ಮುಗಿಸಿ ಬಸ್ ಹಿಡಿದ್ರೆ ಒಂಬತ್ತೂವರೆಗೆ ಸೆಂಟರ್ ಬಾಗಿಲು ತೆಗೀಬಹುದು."

ಧಾರೆ ಮುಗಿಯುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಮುಂದಿನ ವಾರ ಅವರನ್ನು ಸಿಕ್ಕಾಗ ಲೆಕ್ಕ ಕೇಳಿದೆವು. ಕೈಗೆ ಬಂದ ದುಡ್ಡಿನಲ್ಲಿ ಮೊದಲು ತೀರಿಸಿದ್ದು ಅಂಗಡಿಯ ಬಾಕಿಯನ್ನಂತೆ. ಅದೂ ಮನೆಯ ಬಾಕಿಯಲ್ಲ. ಗೌರವಧನ ತಡವಾಗಿದ್ದ ತಿಂಗಳುಗಳಲ್ಲಿ ಮಕ್ಕಳ ಮೊಟ್ಟೆಗೆ, ತರಕಾರಿಗೆ ಸಾಲ ಹೇಳಿದ್ದರು, ಅದನ್ನು ಮದುಮಗಳ ಸಿಂಗಾರದ ದುಡ್ಡು ತೀರಿಸಿತು. ಕೊನೆಗೊಂದು ಮಾತು ಹೇಳಿದರು: "ಬರೆಯೋದಾದ್ರೆ ಬರೀರಿ, ಹೆಸರು ಮಾತ್ರ ಹಾಕ್ಬೇಡಿ ಸಾರ್. ಟೀಚರ್ ಆಗಿ ಪಾರ್ಲರ್ ಕೆಲ್ಸ ಮಾಡ್ತಾಳೆ ಅಂತಾರೆ."

ಅವರು ಹೇಳಿದ ಎರಡು ಸಂಗತಿ ನಮ್ಮನ್ನು ಬಿಡಲಿಲ್ಲ. ನಾವೆಲ್ಲ 'ಮೇಲು ಸಂಪಾದನೆ' ಎನ್ನುವ ದುಡ್ಡು ಇಲ್ಲಿ ಮುಖ್ಯ ಕೆಲಸವನ್ನೇ ಸಾಕುತ್ತಿದೆ. ಆದರೂ ಅದನ್ನು ಕೆಲಸವೆಂದು ಹೇಳಿಕೊಳ್ಳಲು ಸಂಕೋಚ. ಇದು ಇವತ್ತು ನಿನ್ನೆಯದೇ ಎಂದು ಹಿಂದಕ್ಕೆ ಹುಡುಕುತ್ತ ಹೋದೆವು. ಸಿಂಗಾರದ ಕಸುಬು ನಮ್ಮ ಹಳ್ಳಿಗಳಲ್ಲಿ ಬಹಳ ಕಾಲದಿಂದ ಇನ್ನೊಂದು ಕೆಲಸದ ಜೊತೆಗೇ ನಡೆದುಕೊಂಡು ಬಂದಿದೆ.

ಕಣದಲ್ಲಿ ಅಳೆದ ರಾಗಿ

ಕ್ಷೌರಿಕರಿಗೆ ಕನ್ನಡದಲ್ಲಿ 'ಕೆಲಸಿ' ಎಂಬ ಹಳೆಯ ಹೆಸರೊಂದಿತ್ತು. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲೂ ಕರಾವಳಿಯ ಕ್ಷೌರಿಕರು ಈ ಹೆಸರಿನಲ್ಲೇ ದಾಖಲಾಗಿದ್ದಾರೆ. ಇಂದು ಆ ಸಮುದಾಯ ತನ್ನನ್ನು ಸವಿತಾ ಸಮಾಜವೆಂದು ಕರೆದುಕೊಳ್ಳುತ್ತದೆ. ಹಳೆಯ ಹೆಸರುಗಳನ್ನು ಬೈಗುಳವಾಗಿ ಬಳಸಿದವರೇ ಹೆಚ್ಚಾದ್ದರಿಂದ ಅವರ ಈ ನಿಲುವು ನ್ಯಾಯವಾದದ್ದು. ಆದರೂ ಆ ಹಳೆಯ ಪದದ ಒಳಗೇನಿದೆ ನೋಡಿ: 'ಕೆಲಸ'. ತಲೆಗೂದಲು, ಗಡ್ಡ, ಉಗುರು ಇವನ್ನೆಲ್ಲ ಒಪ್ಪ ಮಾಡುವುದನ್ನು ನಮ್ಮ ಭಾಷೆ ಒಂದು ಕಾಲದಲ್ಲಿ ಬರೀ 'ಕೆಲಸ' ಎಂದೇ ಕರೆದಿತ್ತು. 12ನೇ ಶತಮಾನದ ಶರಣರಲ್ಲಿ ಬಸವಣ್ಣನವರ ಒಡನಾಡಿಯಾಗಿದ್ದ ಹಡಪದ ಅಪ್ಪಣ್ಣನವರ ಹೆಸರಿನಲ್ಲೂ ಕಸುಬಿನ ಚೀಲವೇ ಇದೆ. ಹಡಪವೆಂದರೆ ಎಲೆ ಅಡಿಕೆಯ ಸಂಚಿ, ಕ್ಷೌರದ ಸಾಮಾನಿನ ಚೀಲಕ್ಕೂ ಅದೇ ಮಾತು. ಅಪ್ಪಣ್ಣನವರೂ ಅವರ ಮಡದಿ ಲಿಂಗಮ್ಮನವರೂ ಇಬ್ಬರೂ ವಚನಕಾರರು.

ಹಳ್ಳಿಯ ಆಯದ ಪದ್ಧತಿಯಲ್ಲಿ ಕಮ್ಮಾರ, ಬಡಗಿ, ಅಗಸ, ಕುಂಬಾರರ ಜೊತೆ ಕ್ಷೌರಿಕರೂ ಆಯಗಾರರು. ವರ್ಷವಿಡೀ ಊರಿಗೆ ದುಡಿದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಕಾಳು ತರುತ್ತಿದ್ದರು. ಅವರ ದುಡಿಮೆ ಕ್ಷೌರಕ್ಕೆ ಮುಗಿಯುತ್ತಿರಲಿಲ್ಲ. ಕುರು ಕೊಯ್ದು ಕೀವು ತೆಗೆಯುವುದು, ಮದುಮಗನಿಗೆ ಶಾಸ್ತ್ರದ ಕ್ಷೌರ, ಸಾವಿನ ಮನೆಯಲ್ಲಿ ತಲೆ ಬೋಳಿಸುವುದು ಇವೆಲ್ಲ ಅವರ ಪಾಲಿಗೆ ಬರುತ್ತಿದ್ದವು. ಹಳೆ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಮದುವೆಯ ವಾಲಗವೂ ಅವರದೇ. ಮನೆಯ ಹೆಂಗಸರು ಹೆರಿಗೆ ಮಾಡಿಸುತ್ತಿದ್ದರು, ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದರು. ಆ ಕೈಗಳಿಗೆ ಸಿಗುತ್ತಿದ್ದುದು ಮೊರದಲ್ಲಿ ಅಕ್ಕಿ, ಒಂದು ತೆಂಗಿನಕಾಯಿ, ಉಟ್ಟು ಬಿಟ್ಟ ಸೀರೆ.

ಇದರಲ್ಲಿ ಯಾವುದು ಮುಖ್ಯ ಕಸುಬು, ಯಾವುದು ಉಪಕಸುಬು? ಆ ಪ್ರಶ್ನೆಯೇ ಆಗ ಇರಲಿಲ್ಲ. ಎಲ್ಲಕ್ಕೂ ಸೇರಿ ಒಂದೇ ಆಯ. ಹಾಗೆಂದು ಅದನ್ನು ಹೊಗಳಬೇಕಾಗಿಲ್ಲ. ಒಲ್ಲೆ ಎನ್ನುವ ಅಧಿಕಾರ ಅವರಿಗಿರಲಿಲ್ಲ. ಯಾರಿಗೆ ಕ್ಷೌರ ಮಾಡಬೇಕು, ಯಾರಿಗೆ ಕೂಡದು ಎಂಬುದನ್ನೂ ಊರಿನ ಬಲಾಢ್ಯರೇ ತೀರ್ಮಾನಿಸುತ್ತಿದ್ದರು. ದಲಿತರ ತಲೆ ಮುಟ್ಟಿದರೆ ಆಯ ನಿಂತುಹೋಗುತ್ತಿತ್ತು. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿಗಳನ್ನು ನಮ್ಮ ತಲೆಮಾರಿನ ವರದಿಗಾರರೂ ಬರೆಯಬೇಕಾಗಿ ಬಂದಿದೆ. ಆಯ ನಿಂತು ದಶಕಗಳಾದವು, ಅದು ಕಲಿಸಿದ ಕಟ್ಟಳೆ ಅಷ್ಟು ಬೇಗ ಹೋಗಲಿಲ್ಲ.

ಬುಟ್ಟಿಯ ಜೊತೆ ಹಚ್ಚೆ

ಉಪಕಸುಬೆಂಬ ಮಾತಿಗೆ ಸರಿಯಾಗಿ ಹೊಂದುವ ಹಳೆಯ ಉದಾಹರಣೆ ಹಚ್ಚೆಯದು. ಬುಟ್ಟಿ, ಮೊರ ಹೆಣೆದು ಮಾರುತ್ತಿದ್ದ ಕೊರಮ, ಕೊರಚ ಸಮುದಾಯಗಳ ಹೆಂಗಸರು ಅದೇ ತಿರುಗಾಟದಲ್ಲಿ ಕಣಿ ಹೇಳುತ್ತಿದ್ದರು, ಹಚ್ಚೆಯನ್ನೂ ಹಾಕುತ್ತಿದ್ದರು. ಮಸಿಗೆ ಸೊಪ್ಪಿನ ರಸ ಬೆರೆಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ, ನೋವು ಮರೆಸಲು ಹಾಡು ಹೇಳುತ್ತ ಚುಚ್ಚುವುದು. ಮುಂಗೈ ಮೇಲೆ ತುಳಸಿಕಟ್ಟೆ, ಚೇಳು, ಹಣೆಗೊಂದು ಚುಕ್ಕಿ. ನಮ್ಮ ಅಜ್ಜಿಯರ ಕೈಯಲ್ಲಿ ನೋಡಿದ ಆ ಹಸಿರು ಗೆರೆಗಳಿಗೆ ಕೂಲಿಯಾಗಿ ಹೋಗಿದ್ದು ಒಂದಿಷ್ಟು ಕಾಳು, ಎಲೆ ಅಡಿಕೆ, ಚಿಲ್ಲರೆ ಕಾಸು.

ಬ್ರಿಟಿಷರ ಕಾಲದಲ್ಲಿ ಇಂಥ ಅಲೆಮಾರಿಗಳ ಮೇಲೆ ಅಪರಾಧಿ ಬುಡಕಟ್ಟುಗಳ ಕಾನೂನು ಬಿತ್ತು. 1871ರ ಆ ಕಾನೂನು 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಬಂತು. ಅದನ್ನು ತೆಗೆದುಹಾಕಲು 1952ರವರೆಗೆ ಕಾಯಬೇಕಾಯಿತು. ತಿರುಗಾಟವನ್ನೇ ನಂಬಿದ ಕೈಕಸುಬಿಗೆ ತಿರುಗಾಟವೇ ಅಪರಾಧವಾದರೆ ಉಳಿಯುವುದೇನು? ಈಗ ನಗರದ ಟ್ಯಾಟೂ ಅಂಗಡಿಯಲ್ಲಿ ಅದೇ ಚೇಳಿಗೆ ಸಾವಿರಗಟ್ಟಲೆ ಕೊಡುತ್ತಾರೆ. ಆ ಅಂಗಡಿ ನಡೆಸುವವರಲ್ಲಿ ಹಚ್ಚೆಯ ಅಜ್ಜಿಯರ ಮೊಮ್ಮಕ್ಕಳು ಎಷ್ಟಿದ್ದಾರೋ, ಯಾರಾದರೂ ಹೋಗಿ ವಿಚಾರಿಸಬೇಕು.

ಬಳೆಗಾರರದೂ ಇದೇ ದಾರಿ. ಮಲಾರ ಹೊತ್ತು ಮನೆಬಾಗಿಲಿಗೆ ಬಂದು, ಬಳೆ ಒಡೆಯದಂತೆ ಕೈಯನ್ನು ಮೆತ್ತಗೆ ಒತ್ತಿ ತೊಡಿಸುವುದೇ ಒಂದು ವಿದ್ಯೆ. ಆದರೆ ದುಡ್ಡು ಕೊಡುತ್ತಿದ್ದುದು ಬಳೆಗೆ. ತೊಡಿಸುವ ಕೈಗೆ ಬೇರೆ ಬೆಲೆ ಕಟ್ಟಿದವರಿಲ್ಲ.

ಕುಪ್ಪಸದ ಕಣ

ಜಾತಿಯ ಕಸುಬಿನ ಹೊರಗೂ ಸಿಂಗಾರದ ದುಡಿಮೆಯೊಂದಿತ್ತು. ಪ್ರತಿ ಊರಿನಲ್ಲೂ ಮೊಗ್ಗಿನ ಜಡೆ ಹೆಣೆಯಬಲ್ಲ ಒಬ್ಬಿಬ್ಬರು ಹೆಂಗಸರು ಇರುತ್ತಿದ್ದರು. ಹುಡುಗಿ ದೊಡ್ಡವಳಾದಾಗ, ಮದುವೆಗೆ, ಸೀಮಂತಕ್ಕೆ ಅವರಿಗೆ ಹೇಳಿಕಳಿಸುತ್ತಿದ್ದರು. ಸಂಜೆಯೇ ಬಿಡಿಸಿದ ಮಲ್ಲಿಗೆ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿಟ್ಟು, ರಟ್ಟಿನ ಪಟ್ಟಿಯ ಮೇಲೆ ಸಾಲಾಗಿ ಪೋಣಿಸಿ, ನಡುನಡುವೆ ಕನಕಾಂಬರ, ಮರುಗ ಸೇರಿಸಿ, ಚೌರಿ ಕಟ್ಟಿದ ಜಡೆಗೆ ಹೊಲಿಯುವುದು. ಮೊಗ್ಗು ಅರಳುವ ಮೊದಲೇ ಮುಗಿಯಬೇಕು. ಆಮೇಲೆ ಫೋಟೊ ಸ್ಟುಡಿಯೋಗೆ ಮೆರವಣಿಗೆ. ಹಿಂದೆ ಕನ್ನಡಿ ಇಟ್ಟು ಮುಖ, ಜಡೆ ಎರಡೂ ಕಾಣುವಂತೆ ತೆಗೆಸಿದ ಆ ಕಪ್ಪು ಬಿಳುಪಿನ ಚಿತ್ರಗಳು ಇನ್ನೂ ಎಷ್ಟೋ ಮನೆಗಳ ಗೋಡೆಯ ಮೇಲಿವೆ. ಚಿತ್ರದ ಅಡಿಯಲ್ಲಿ ಸ್ಟುಡಿಯೋದ ಹೆಸರಿರುತ್ತದೆ, ಜಡೆ ಹೆಣೆದವರ ಹೆಸರಿರುವುದಿಲ್ಲ.

ನಮ್ಮ ಊರಲ್ಲೂ ಅಂಥ ಅಜ್ಜಿಯೊಬ್ಬರಿದ್ದರು. ಹಗಲೆಲ್ಲ ಮನೆಮನೆಗೆ ಹಪ್ಪಳ, ಸಂಡಿಗೆ ಮಾಡಿಕೊಡುವ ಕೆಲಸ. ಜಡೆ ಹೆಣೆದರೆ ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಕುಪ್ಪಸದ ಕಣ ಕೊಡುತ್ತಿದ್ದರು. ಅವರ ಟ್ರಂಕಿನಲ್ಲಿ ಹೊಲಿಸದ ಕಣಗಳ ಗಂಟೇ ಇತ್ತು ಎಂದು ನಮ್ಮಮ್ಮ ಹೇಳುತ್ತಾರೆ. ಕಣಕ್ಕೆ ಪ್ರತಿಯಾಗಿ ಅಂಗಡಿಯಲ್ಲಿ ಬೆಲ್ಲ ಸಿಗುವುದಿಲ್ಲ. ಕ್ಷೌರಿಕರಿಗೆ ಕಣದಲ್ಲಿ ರಾಗಿಯಾದರೂ ಅಳೆದು ಕೊಟ್ಟರು. ಈ ಅಜ್ಜಿಗೆ ಸಿಕ್ಕಿದ್ದು ಮರ್ಯಾದೆ ಮಾತ್ರ. ಕೂಲಿ ಕೇಳುವುದೇ ಆ ಮರ್ಯಾದೆಗೆ ಕುಂದು. ಸಿಂಗಾರ ಮಾಡುವುದು ಹೆಣ್ಣಿಗೆ ಹುಟ್ಟಿನಿಂದಲೇ ಬಂದದ್ದು, ಅದಕ್ಕೆಂಥ ದುಡ್ಡು ಎನ್ನುವ ಮಾತನ್ನು ಮೇಕಪ್ ಮಾಡುವ ಹೆಣ್ಣುಮಕ್ಕಳು ಇಂದಿಗೂ ಕೇಳುತ್ತಾರೆ. "ನಮ್ಮೋಳೇ ಅಲ್ವಾ, ಒಂದು ಸೀರೆ ಕೊಟ್ರಾಯ್ತು ಬಿಡಿ" ಎನ್ನುವ ನೆಂಟರು ಇಲ್ಲದ ಊರಿಲ್ಲ.

ಬಣ್ಣದ ಪೆಟ್ಟಿಗೆ

ಗಂಡಸರ ಪಾಲಿಗೆ ಈ ಮಾತು ಬರಲಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳು ಊರೂರಿಗೆ ಕ್ಯಾಂಪು ಹಾಕಿದ ಮೇಲೆ ನಮ್ಮ ತುಮಕೂರು, ಹಾಸನ, ಮಂಡ್ಯ ಕಡೆಯ ಹಳ್ಳಿಗಳಲ್ಲೂ ಪೌರಾಣಿಕ ನಾಟಕದ ಹುಚ್ಚು ಹತ್ತಿತು. ಬೇಸಿಗೆ ಬಂತೆಂದರೆ ಕುರುಕ್ಷೇತ್ರ. ಕಲಿಸಲು ಹಾರ್ಮೋನಿಯಂ ಮೇಷ್ಟ್ರು, ಪೇಟೆಯಿಂದ ಬಾಡಿಗೆಗೆ ಸೀನು, ಡ್ರೆಸ್ಸು, ಅದರ ಜೊತೆಗೆ ಬಣ್ಣ ಹಚ್ಚುವವರು. ಅವರಲ್ಲಿ ಟೈಲರುಗಳಿದ್ದರು, ಬೋರ್ಡ್ ಬರೆಯುವವರಿದ್ದರು, ಶಾಲೆಯ ಡ್ರಾಯಿಂಗ್ ಮೇಷ್ಟ್ರುಗಳೂ ಇದ್ದರು. ಮುಖಕ್ಕೆ ಕೊಬ್ಬರಿ ಎಣ್ಣೆ ಸವರಿ, ಬಿಳಿಗೆ ಸತುವಿನ ಪುಡಿ, ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ, ಕಣ್ಣಿಗೆ ಕಾಡಿಗೆ. ಕರಾವಳಿಯ ಯಕ್ಷಗಾನದಲ್ಲಿ ರಾಕ್ಷಸ ವೇಷದ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚುಕ್ಕಿಯಾಗಿ ಚಿಟ್ಟಿ ಇಡುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ.

ನಾಟಕದ ಬಣ್ಣಕ್ಕೆ ರಾತ್ರಿಗಿಷ್ಟು ಎಂದು ಮಾತಾಡಿ, ಮುಂಗಡ ಕೊಟ್ಟು ಕರೆಸುತ್ತಿದ್ದರು. ಮಾರನೆಯ ದಿನ ಅದೇ ಮೇಷ್ಟ್ರು ಶಾಲೆಗೆ ಹೋದರೆ ಯಾರೂ ಮೂಗು ಮುರಿಯುತ್ತಿರಲಿಲ್ಲ, 'ಕಲಾವಿದರು' ಎನ್ನುತ್ತಿದ್ದರು. ನಮ್ಮ ಅಂಗನವಾಡಿ ಟೀಚರ್ ಹೆಸರು ಹಾಕಬೇಡಿ ಎಂದದ್ದಕ್ಕೂ ಆ ಮೇಷ್ಟ್ರ ಹೆಮ್ಮೆಗೂ ನಡುವೆ ಇರುವ ವ್ಯತ್ಯಾಸ ಬಣ್ಣದ್ದಲ್ಲ, ಹಚ್ಚುವ ಕೈ ಯಾರದೆಂಬುದರದು.

ಒಂದು ದಾರದ ಉಂಡೆ, ಒಂದು ಕನ್ನಡಿ

ಬೆಂಗಳೂರಿನಲ್ಲಿ ಬ್ಯೂಟಿ ಪಾರ್ಲರುಗಳು ಹಳೆಯವು. ಮೊದಮೊದಲು ಅವುಗಳಲ್ಲಿ ಹಲವನ್ನು ಚೀನೀ ಮೂಲದ ಕುಟುಂಬಗಳು ನಡೆಸುತ್ತಿದ್ದವು. 1952ರಲ್ಲಿ ಟಾಟಾದವರು ಲ್ಯಾಕ್ಮೆ ಶುರುಮಾಡಿದ ಮೇಲೆ ದೇಶದಲ್ಲೇ ತಯಾರಾದ ಸೌಂದರ್ಯ ಸಾಮಗ್ರಿ ಪೇಟೆಗೆ ಬಂತು. ಸಣ್ಣ ಊರುಗಳ ಮಟ್ಟಿಗೆ ಬದಲಾವಣೆಯ ಕಾಲ 1990ರ ದಶಕ. 1994ರಲ್ಲಿ ಸುಶ್ಮಿತಾ ಸೇನ್ ವಿಶ್ವಸುಂದರಿಯಾದರು, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಜಗತ್ಸುಂದರಿಯಾದರು. 1996ರ ನವೆಂಬರಿನಲ್ಲಿ ಜಗತ್ಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆಯಿತು. ಮಹಿಳಾ ಸಂಘಟನೆಗಳು, ರೈತ ಸಂಘ ಎಲ್ಲರೂ ಬೀದಿಗಿಳಿದರು. ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಹೆಣ್ಣಿನ ದೇಹವನ್ನು ಮಾರುಕಟ್ಟೆಗೆ ಇಡುತ್ತಿದ್ದಾರೆ ಎಂಬ ಆ ವಾದದಲ್ಲಿ ಹುರುಳಿತ್ತು. ಅದೇ ಹೊತ್ತಿಗೆ ತಾಲ್ಲೂಕು ಪೇಟೆಗಳ ಬಸ್ ಸ್ಟ್ಯಾಂಡ್ ಹಿಂದಿನ ಓಣಿಗಳಲ್ಲಿ, ಪರದೆ ಕಟ್ಟಿದ ಒಂದಂಕಣದ ಕೋಣೆಗಳಲ್ಲಿ ಮಹಿಳೆಯರು ಸದ್ದಿಲ್ಲದೆ ಹೊಸ ಕಸುಬು ಹಿಡಿಯುತ್ತಿದ್ದರು. ಚಪ್ಪಾಳೆ, ಘೋಷಣೆ ಎರಡೂ ಅವರವರೆಗೆ ತಲುಪಲಿಲ್ಲ.

ಮೊದಲು ಬಂದದ್ದು ಹುಬ್ಬು ತೀಡುವ ಕೆಲಸ. ಅದಕ್ಕೆ ಬೇಕಾದ್ದು ಒಂದು ದಾರದ ಉಂಡೆ, ಒಂದು ಕನ್ನಡಿ, ಒಂದು ಕುರ್ಚಿ, ಒಂದಿಷ್ಟು ಪೌಡರು. ಬಂಡವಾಳ ಇಷ್ಟು ಕಡಿಮೆ ಇರುವ ಕಸುಬು ಇನ್ನೊಂದಿಲ್ಲ. ಹೊಲಿಗೆ ಮಷಿನ್ ಇದ್ದ ಮನೆಯ ಮೂಲೆಯಲ್ಲೇ ಕುರ್ಚಿ ಇಟ್ಟರೆ ರವಿಕೆ ಅಳತೆ ಕೊಡಲು ಬಂದವರು ಹುಬ್ಬನ್ನೂ ಮಾಡಿಸಿಕೊಂಡು ಹೋಗುತ್ತಿದ್ದರು. ಅರೆದ ಗೋರಂಟಿ ಸೊಪ್ಪಿನ ಜಾಗಕ್ಕೆ ಕೋನ್ ಮೆಹೆಂದಿ ಬಂತು. ಶಾಲೆ ಬಿಟ್ಟ ಹುಡುಗಿಯರೂ ಅದರಲ್ಲಿ ಕೈ ಪಳಗಿಸಿಕೊಂಡರು.

ಇದಕ್ಕೆ ತರಬೇತಿಯ ರೂಪ ಬಂದದ್ದು ಇನ್ನೊಂದು ದಾರಿಯಿಂದ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಊಟ, ವಸತಿ ಕೊಟ್ಟು ಶುಲ್ಕವಿಲ್ಲದೆ ಕಸುಬು ಕಲಿಸಿ, ಬ್ಯಾಂಕ್ ಸಾಲದ ದಾರಿ ತೋರಿಸುವುದು ಅದರ ಕ್ರಮ. ಅದೇ ಮಾದರಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರ ಸುಮಾರಿಗೆ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಹೈನುಗಾರಿಕೆ, ಮೊಬೈಲ್ ರಿಪೇರಿ, ಹೊಲಿಗೆಯ ಸಾಲಿನಲ್ಲಿ ಬ್ಯೂಟಿ ಪಾರ್ಲರ್ ತರಬೇತಿಯೂ ಅಲ್ಲಿ ಸೇರಿತು. ಹುಟ್ಟಿನಿಂದ ಮಾತ್ರ ಬರುತ್ತಿದ್ದ ಕಸುಬು ಸುಮಾರು ತಿಂಗಳೊಂದರ ಕಲಿಕೆಯಿಂದಲೂ ಬರಬಹುದು ಎಂದಾದದ್ದು ನಮ್ಮ ಹಳ್ಳಿಗಳ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಒಕ್ಕಲಿಗರ ಮನೆಯ ಸೊಸೆ, ಲಿಂಗಾಯತರ ಮಗಳು, ದಲಿತ ಕೇರಿಯ ಹುಡುಗಿ, ಮುಸ್ಲಿಂ ಮನೆಯ ಹೆಣ್ಣುಮಗಳು ಒಂದೇ ಕೋಣೆಯಲ್ಲಿ ಕೂತು ಒಬ್ಬರ ಮುಖಕ್ಕೊಬ್ಬರು ಹಚ್ಚಿ ಕಲಿಯುತ್ತಾರೆ. ಆಯದ ಕಾಲದಲ್ಲಿ ಊಹಿಸಲೂ ಆಗದ ಮಾತು ಇದು. ಕಲಿತು ಊರಿಗೆ ಮರಳಿದ ಮೇಲೆ ಯಾರು ಯಾರ ಮನೆಗೆ ಹೋಗುತ್ತಾರೆ, ಯಾರನ್ನು ಒಳಗೆ ಕರೆಯುತ್ತಾರೆ ಎಂಬಲ್ಲಿ ಹಳೆಯ ಗೆರೆ ಮತ್ತೆ ಕಾಣುತ್ತದೆ. ದಲಿತ ಕೇರಿಯ ಹುಡುಗಿಗೆ ಪೇಟೆಯ ಪಾರ್ಲರಿನಲ್ಲಿ ಕೆಲಸ ಸಿಗುತ್ತದೆ, ತನ್ನ ಊರಿನ ಮದುವೆ ಮನೆಯಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮುಖ್ಯ ಯಾವುದು, ಮೇಲಿನದು ಯಾವುದು

ಈಗ ಟೀಚರ್ ಲೆಕ್ಕಕ್ಕೆ ಮರಳೋಣ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಆಗಿನಿಂದಲೂ ಕಾರ್ಯಕರ್ತೆಯರಿಗೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. 2006ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇವರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು ಹೇಳಿತು. 2018ರ ಅಕ್ಟೋಬರಿನಿಂದ ಕೇಂದ್ರದ ಪಾಲಿನ ಗೌರವಧನ ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ ಏರಿತು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. 2022ರ ಏಪ್ರಿಲಿನಲ್ಲಿ, ಗುಜರಾತಿನಿಂದ ಬಂದ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಇವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದಿತು, ಗೌರವಧನವೂ ವೇತನವೇ ಎಂದು ಒಪ್ಪಿತು. ಅಂದರೆ ಇವರ 'ಮುಖ್ಯ' ದುಡಿಮೆಯನ್ನು ದುಡಿಮೆ ಎಂದು ಒಪ್ಪಲು 47 ವರ್ಷ ಬೇಕಾಯಿತು. ಇನ್ನು ಎರಡನೆಯದರ ಗತಿ?

ಟೀಚರ್ ಒಂದು ನೋಟುಬುಕ್ಕು ಇಟ್ಟಿದ್ದಾರೆ. ಮಾಘದಿಂದ ಜ್ಯೇಷ್ಠದವರೆಗೆ ಕೈತುಂಬ ಕೆಲಸ, ಆಷಾಢದಲ್ಲಿ ಪುಟ ಖಾಲಿ, ಶ್ರಾವಣದಲ್ಲಿ ಗೃಹಪ್ರವೇಶ, ಸೀಮಂತ ಅಂತ ಅಷ್ಟಿಷ್ಟು, ಧನುರ್ಮಾಸದಲ್ಲಿ ಮತ್ತೆ ಖಾಲಿ. ಬಂದದ್ದರಲ್ಲಿ ಕ್ರೀಮು, ಹೂವು, ಪಿನ್ನು, ಬಸ್ ಚಾರ್ಜು ಕಳೆದು ಉಳಿದದ್ದನ್ನು ಪಿಗ್ಮಿಗೆ ಕಟ್ಟುತ್ತಾರೆ. ದಿನಕ್ಕೆ ಎರಡಾಣೆ ಉಳಿಸಲಿ ಎಂದು 1928ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಪಿಗ್ಮಿಯೇ ಇವರ ಪಾಲಿನ ಪಿಂಚಣಿ.

ಸರ್ಕಾರದ ಕಣ್ಣಿಗೆ ಈ ನೋಟುಬುಕ್ಕು ಕಾಣುವುದಿಲ್ಲ. ಜನಗಣತಿ 1981ರಿಂದ ದುಡಿಯುವವರನ್ನು ವರ್ಷದಲ್ಲಿ ಆರು ತಿಂಗಳು ದುಡಿದವರು, ಅದಕ್ಕಿಂತ ಕಡಿಮೆ ದುಡಿದವರು ಎಂದು ಬೇರೆ ಮಾಡುತ್ತದೆ. ವರ್ಷಕ್ಕೆ ನಲವತ್ತು ಮುಂಜಾವು ಮಾಡುವ ಕೆಲಸ ಅಂಗನವಾಡಿಯ ನೆರಳಲ್ಲಿ ಮರೆಯಾಗುತ್ತದೆ. ಇದರ ಬಿಸಿ ತಟ್ಟಿದ್ದು 2020ರಲ್ಲಿ. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಮದುವೆಗೆ 50 ಜನ ಎಂಬ ಮಿತಿ ಬಂತು, ಮುಟ್ಟಿ ಮಾಡುವ ಕೆಲಸಗಳೆಲ್ಲ ನಿಂತವು. ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಅದರಲ್ಲಿ 2,30,000 ಕ್ಷೌರಿಕರಿಗೆ, 60,000 ಅಗಸರಿಗೆ ತಲಾ 5,000 ರೂಪಾಯಿ. ಆ ಕುಟುಂಬಗಳಿಗೆ ಅದು ಸಲ್ಲಲೇಬೇಕಿತ್ತು. ಹಳೆಯ ಆಯಗಾರರನ್ನು ಸರ್ಕಾರ ಗುರುತಿಸಿತು, ಸಂಖ್ಯೆಯೂ ಅದರ ಬಳಿ ಇತ್ತು. ಮೊಗ್ಗಿನ ಜಡೆಯ ಅಜ್ಜಿಯ ಕಸುಬು ಹಿಡಿದು ಬಂದವರ ಎಣಿಕೆ ಯಾರ ಬಳಿಯೂ ಇರಲಿಲ್ಲ. ನಮ್ಮ ಟೀಚರಂತೂ ಆಗ ಮನೆಮನೆಗೆ ರೇಷನ್ ಹಂಚುತ್ತ, ಜ್ವರ ಬಂದವರ ಪಟ್ಟಿ ಬರೆಯುತ್ತ ತಿರುಗುತ್ತಿದ್ದರು. ನಿಂತುಹೋದ ಸಂಪಾದನೆಯ ಬಗ್ಗೆ ಅವರನ್ನು ಕೇಳಿದವರಿಲ್ಲ.

ನಾವೂ ಕೇಳಿರಲಿಲ್ಲ. ಜಿಲ್ಲಾ ಸ್ಟ್ರಿಂಜರ್‌ಗಳಾದ ನಮಗೆ ಇದು ತಿಳಿಯದ ಸಂಗತಿಯೇನಲ್ಲ. ಅಚ್ಚಾದ ಸುದ್ದಿಗಿಷ್ಟು ಎಂದು ಬರುವ ದುಡ್ಡಿನಲ್ಲಿ ಮನೆ ನಡೆಯುವುದಿಲ್ಲವೆಂದು ನಮ್ಮಲ್ಲಿ ಒಬ್ಬರು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ, ಇನ್ನೊಬ್ಬರು ಮದುವೆ ವಿಡಿಯೋ ತೆಗೆಯುತ್ತಾರೆ, ಮತ್ತೊಬ್ಬರಿಗೆ ತೆಂಗಿನ ತೋಟ ಇದೆ. ಪ್ರೆಸ್ ಕ್ಲಬ್ಬಿನಲ್ಲಿ ಕೂತಾಗ ಆ ಮಾತು ಎತ್ತುವುದಿಲ್ಲ, ಎಲ್ಲರೂ 'ಪತ್ರಕರ್ತರು' ಅಷ್ಟೇ. ಟೀಚರ್ ಹೆಸರು ಹಾಕಬೇಡಿ ಎಂದದ್ದು ಅದಕ್ಕೇ ನಮಗೆ ಅಷ್ಟು ಬೇಗ ಅರ್ಥವಾಯಿತು.

ಪರಿಹಾರದ ದೊಡ್ಡ ಮಾತು ನಮ್ಮ ಬಳಿ ಇಲ್ಲ. ಪಟ್ಟಿ ಮಾಡುವವರು ನಿಮ್ಮ ಮನೆಗೆ ಬಂದಾಗ ಎರಡನೇ ಕೆಲಸವನ್ನೂ ಬಾಯಿಬಿಟ್ಟು ಹೇಳಿ ಎಂದು ಈ ಹೆಣ್ಣುಮಕ್ಕಳಿಗೆ ಹೇಳಬಹುದು. 2021ರ ಆಗಸ್ಟಿನಲ್ಲಿ ಬಂದ ಇ-ಶ್ರಮ್ ನೋಂದಣಿಯಲ್ಲಿ ಎರಡನೇ ಉದ್ಯೋಗ ತುಂಬಲೂ ಜಾಗ ಇದೆ. ಮದುವೆ ಮಾಡುವವರು ಇನ್ನೊಂದು ಮಾಡಬಹುದು. ಅಡುಗೆಯವರಿಗೆ, ವಾಲಗದವರಿಗೆ, ಫೋಟೊದವರಿಗೆ ಮುಂಗಡ ಕೊಟ್ಟು ಚೀಟಿ ಬರೆಸುವಂತೆ ಸಿಂಗಾರ ಮಾಡುವವರಿಗೂ ಬರೆಸಲಿ. ಕುಪ್ಪಸದ ಕಣ ಕೊಡುವುದಿದ್ದರೆ ಕೂಲಿ ಕೊಟ್ಟ ಮೇಲೆ ಕೊಡಲಿ.

ಮೊನ್ನೆ ಟೀಚರ್ ಫೋನ್ ಮಾಡಿದ್ದರು. ಆಷಾಢ, ಮದುವೆಗಳಿಲ್ಲ. ಮಕ್ಕಳ ಮೊಟ್ಟೆಯ ಬಾಕಿ ಮತ್ತೆ ಬೆಳೆಯುತ್ತಿದೆಯಂತೆ. "ಶ್ರಾವಣ ಬರ್ಲಿ ಸಾರ್, ತೀರಿಸ್ತೀನಿ" ಅಂದರು.